ಇಲ್ಲ ಎನ್ನುವ ಪಾಠ

ವೂಚ್ ಎಂಬ ಈ ಊರಿನ ಹೆಸರಿಗೆ ದೋಣಿ ಎಂದರ್ಥ.
ನೀರೆಲ್ಲಿ, ಎಂದು ಮೊದಲ ವಾರವೇ ಕೇಳುತ್ತಾರೆ.
ನೆಲದಡಿ, ಎನ್ನುತ್ತೇನೆ.
ಗಿರಣಿಗಳ ಕಾಲದಲ್ಲಿ ಹೊಳೆಗೆ ಮುಚ್ಚಳ ಹಾಕಿದರು,
ಟ್ರಾಮಿನ ಕೆಳಗೆ ಈಗಲೂ ಹರಿಯುತ್ತದೆ.
ಬರೆದುಕೊಳ್ಳುತ್ತಾರೆ. ಏನು ಹೇಳಿದರೂ ಬರೆದುಕೊಳ್ಳುತ್ತಾರೆ,
ನಾನು ಕೆಮ್ಮಿದ್ದನ್ನೂ.

ನನ್ನ ಹೆಸರು ಝ್ಜಿಸ್ವಾವಾ.
ಅದೇ ಅವರಿಗೆ ಮೊದಲ ಪರೀಕ್ಷೆ, ಯಾರೂ ಪಾಸಾಗುವುದಿಲ್ಲ.
ಹದಿನೇಳು ಚಳಿಗಾಲದಿಂದ ಗುರುವಾರ ಸಂಜೆ ನಾಲ್ಕಕ್ಕೆ
ಮೂರನೇ ಮಹಡಿಯ ಈ ಕೋಣೆಯ ಬಾಗಿಲು ತೆರೆದು
ಕೂರುತ್ತೇನೆ, ಕೆಂಪು ಪೆನ್ನಿಲ್ಲದೆ.
ಪೆನ್ಸಿಲ್ ಸಾಕು. ತಪ್ಪಿದರೆ ನನ್ನದನ್ನೂ ಅಳಿಸಬಹುದು.

ಬರುತ್ತಾರೆ. ಒದ್ದೆ ಬೂಟು, ಒದ್ದೆ ಕಡತ.
ಲುವಾಂಡಾದ ದೊಮಿಂಗಾಸ್‌ಗೆ ಮೈಯ ಎಲುಬೆಲ್ಲ ಬಾಯಿಪಾಠ,
ಬೇಕರಿಯಲ್ಲಿ ಅರ್ಧ ಬ್ರೆಡ್ಡು ಕೇಳಲು ಬಾರದು.
ಯೆಮೆನ್‌ನ ಮುನೀಫ್ ತನ್ನ ಪ್ರಯೋಗದ ವರದಿಯಲ್ಲಿ
'ನಾನು ಆಮ್ಲವನ್ನು ಪ್ರೀತಿಯಿಂದ ಸುರಿದೆ' ಎಂದು ಬರೆದಿದ್ದಾನೆ.
ಮೆಲ್ಲಗೆ ಎಂಬುದಕ್ಕೆ ನಿಘಂಟು ಕೊಟ್ಟದ್ದು ಅದನ್ನೇ.
'ನಾನು' ತೆಗಿ, ಅಂದೆ. ವರದಿಯಲ್ಲಿ ಯಾರೂ ಇರಬಾರದು,
ಆಮ್ಲ ಸುರಿಯಲ್ಪಟ್ಟಿತು, ಅಷ್ಟೇ.
ಅವನು ನಕ್ಕ: ನಮ್ಮೂರ ವಾರ್ತೆಯೂ ಹೀಗೇ, ಮೇಡಂ,
ಬಾಂಬು ಹಾಕಲ್ಪಡುತ್ತದೆ. ಹಾಕಿದವರು ಇರುವುದಿಲ್ಲ.
ಅವನ 'ಪ್ರೀತಿಯಿಂದ' ಮೇಲೆ
ಗೀಟೆಳೆದೆ, ಹಗುರವಾಗಿ.

ಕೊನೆಗೆ ಉಳಿಯುವವಳು ಬೋಲೊರ್ಮಾ.
ಮಂಗೋಲಿಯಾದವಳು. ಮುಂದಿನ ವರ್ಷ ಜವಳಿ ಎಂಜಿನಿಯರಿಂಗ್.
ಇದೇ ಬೀದಿಯ ಗಿರಣಿಯಲ್ಲಿ ಮಗ್ಗದ ಸದ್ದಿಗೆ
ನನ್ನಮ್ಮ ಕಿವಿ ಕಳೆದುಕೊಂಡದ್ದು ಅವಳಿಗೆ ಹೇಳಿಲ್ಲ.

ಅಂದು ವಿಭಕ್ತಿ.
ಬ್ರೆಡ್ಡು ಇದೆ ಎಂದರೆ ಖ್ಲೆಬ್,
ಇಲ್ಲ ಎಂದರೆ ಖ್ಲೆಬಾ.
ಇಲ್ಲದ್ದರ ಹೆಸರು ನಮ್ಮ ಪೋಲಿಷ್‌ನಲ್ಲಿ
ಇದ್ದ ಹಾಗೇ ಇರುವುದಿಲ್ಲ.
ಅಪ್ಪ ಇದ್ದಾನೆ: ಓಯ್ಚೆಟ್ಸ್.
ಅಪ್ಪ ಇಲ್ಲ: ಓಯ್ತ್ಸಾ. ನಡುವಿನ ಉಸಿರೇ ಉದುರುತ್ತದೆ.
ಮನೆಯಲ್ಲಿಲ್ಲ ಎಂದರೂ ಹೀಗೇ? ಕೇಳಿದಳು.
ಹೀಗೇ.
ಇನ್ನು ಬರುವುದೇ ಇಲ್ಲ ಎಂದರೆ?
ಹೀಗೇ.
ಹೀಟರು ಟಿಕ್ ಟಿಕ್ ಎಂದಿತು.

ನನ್ನ ಪೆನ್ಸಿಲು ಇಸಿದುಕೊಂಡು ತನ್ನ ಹೆಸರು ಬರೆದಳು,
ಇಡಿಯಾಗಿ: ಗಾಲ್ಸನ್‌ಗೀನ್ ಬೋಲೊರ್ಮಾ.
ಗಾಲ್ಸನ್ ಎಂದರೆ ಅಪ್ಪ. ಗೀನ್ ಎಂದರೆ ಅವನ.
ನಮ್ಮಲ್ಲಿ, ಅಂದಳು ಒಂದೊಂದೇ ಪದ ಕೂಡಿಸಿ,
ಅಪ್ಪ ಬದುಕಿದ್ದಾಗಲೂ ಈ ವಿಭಕ್ತಿಯಲ್ಲೇ ಇರುತ್ತಾನೆ,
ಮಗುವಿನ ಹೆಸರಿನ ಮುಂದೆ.
ಹೋದರೆ, ಬದಲಾಗಲು ಏನೂ ಉಳಿದಿರುವುದಿಲ್ಲ.

ಆ ಮಾತಿನಲ್ಲಿ ಮೂರು ತಪ್ಪಿದ್ದವು.
ಎಣಿಸಿದೆ, ಅಭ್ಯಾಸಬಲ. ತಿದ್ದಲಿಲ್ಲ.

ನಮ್ಮ ವ್ಯಾಕರಣದಲ್ಲಿ ಈ ವಿಭಕ್ತಿಗೆ
'ತುಂಬುವಂಥದು' ಎಂದು ಹೆಸರು.
ಏನನ್ನು ತುಂಬುತ್ತದೆ ಎಂದು ಇಷ್ಟು ವರ್ಷ
ಯಾರೂ ಕೇಳಿಲ್ಲ, ನಾನೂ.

ಎಲ್ಲರೂ ಹೋದ ಮೇಲೆ ಹಾಜರಿ ಪಟ್ಟಿ ತೆಗೆದೆ.
ಕಚೇರಿಯವರು ಗೀನ್ ಕತ್ತರಿಸಿ
ಗಾಲ್ಸನ್ ಎಂಬುದನ್ನು ಅಡ್ಡಹೆಸರು ಮಾಡಿದ್ದರು.
ಅಕ್ಟೋಬರಿನಿಂದ ವಾರವಾರವೂ ನಾನು
ಗಾಲ್ಸನ್! ಎಂದು ಕೂಗಿದ್ದೇನೆ.
ವಾರವಾರವೂ ಅವಳು ಎದ್ದು ನಿಂತು
ಇದ್ದೇನೆ, ಎಂದಿದ್ದಾಳೆ.

ಮುಂದಿನ ಗುರುವಾರ ಇಡೀ ಹೆಸರು ಕೂಗಿದೆ.
ನಾಲಿಗೆ ತೊಡರಿತು.
ಗೀನ್ ಇನ್ನೂ ಸ್ವಲ್ಪ ಉದ್ದ, ಅಂದಳು.
ಮತ್ತೆ ಕೂಗಿದೆ.
ಮೆಲ್ಲಗೆ, ಅಂದಳು.
ಪ್ರೀತಿಯಿಂದ, ಎಂದ ಹಿಂದಿನ ಬೆಂಚಿನಿಂದ ಮುನೀಫ್.